ಅಯ್ಯನವರ ಅಜ್ಜ ಹೊತ್ತ ಊರು

“ಅಲ್ಲಾಡಿಸ್ಬೇಡ್ವೇ ಮುಂಡೆ! ನಾನೇನು ಉಪ್ಪಿನ ಮೂಟೆನಾ?”

ಉಪ್ಪಿನ ಮೂಟೆ ಬೈಯುವುದಿಲ್ಲ, ಅಷ್ಟೇ ವ್ಯತ್ಯಾಸ. ಅವ್ವ ಬೆನ್ನ ಮೇಲಿದ್ದ ಅಯ್ಯನವರನ್ನು ಒಮ್ಮೆ ಮೇಲಕ್ಕೆತ್ತಿ ಸರಿಮಾಡಿಕೊಂಡು, ಕೆಸರಿನಿಂದ ಇನ್ನೊಂದು ಹೆಜ್ಜೆ ಕಿತ್ತಳು. ಅವಳ ಬಲ ಮಂಡಿ ಕಟಕ್ಕೆಂದದ್ದು ದಡದಲ್ಲಿದ್ದ ನನಗೆ ಕೇಳಿಸಿತು. ಅಥವಾ ಕೇಳಿಸಿತೆಂದು ನನಗನಿಸಿತು. ಅವಳು ನಡೆಯುವಾಗಲೆಲ್ಲ ನನ್ನ ಕಿವಿ ಅಲ್ಲೇ ಇರುತ್ತದೆ.

ನಮ್ಮ ದ್ವೀಪದ ಸುತ್ತ ಕೆಸರು. ದೋಣಿ ದೂರದಲ್ಲೇ ನಿಲ್ಲುತ್ತದೆ. ನಮ್ಮಂಥವರು ಇಳಿದು ನಡೆದು ಬರುತ್ತೇವೆ. ದೋಣಿಯೂ ನೆಲವೂ ತಮ್ಮದೇ ಆದ ಅಯ್ಯನವರು, ಅವರ ನೆಂಟರು ಬೆನ್ನೇರಿ ಬರುತ್ತಾರೆ. ಹೊರುವವರು ಹೆಂಗಸರು, ಏಕೆಂದರೆ ಗಂಡಸರು ಅಷ್ಟು ಹೊತ್ತಿಗೆ ಅಯ್ಯನವರದೇ ಬಲೆ ಎಳೆಯುತ್ತಿರುತ್ತಾರೆ. ಮನೆಗೊಂದು ಬೆನ್ನು ಕೊಟ್ಟರೆ ಅವರ ನೆಲದಲ್ಲಿ ಗುಡಿಸಲು ಉಳಿಯುತ್ತದೆ. ಬೆನ್ನು ಹೋದರೆ ಗುಡಿಸಲೂ ಹೋಯಿತು. ನಮ್ಮ ಮನೆಯಲ್ಲಿ ಅವ್ವನದು ಬಿಟ್ಟರೆ ಉಳಿದಿರುವುದು ನನ್ನ ಬೆನ್ನು. ಆಚೆ ದಡದ ಕಾಲೇಜಿನಲ್ಲಿ ಓದಿ ಬಂದ ಬೆನ್ನು.

ಅಂದು ಅಯ್ಯನವರ ಹಿಂದೆಯೇ, ಚಿಕ್ಕಮ್ಮನ ಬೆನ್ನ ಮೇಲೆ, ಶೂಗಳನ್ನು ಎದೆಗವಚಿಕೊಂಡು ಒಬ್ಬ ಸಾಹೇಬರು ಬಂದರು. ದೋಣಿ ನಿಲ್ಲಲು ಕಲ್ಲಿನ ಜೆಟ್ಟಿ ಬೇಕೋ ಬೇಡವೋ ನೋಡಿ ಸರ್ಕಾರಕ್ಕೆ ಹೇಳಬೇಕಾದವರು. ಆದರೆ ಇಳಿದ ಕೂಡಲೇ ಅವರು ಕೇಳಿದ್ದು ಕಥೆ.

“ಈ ದ್ವೀಪಕ್ಕೆ ಜನ ಬಂದಿದ್ದು ಹೇಗೆ? ನಂಗೆ ಕಥೆ ಅಂದ್ರೆ ಪ್ರಾಣ.”

ಅಯ್ಯನವರು ಜಗಲಿಯ ಕುರ್ಚಿಯಲ್ಲಿ ಕೂತು ಹೇಳಿದರು. ನಾವು ಅಂಗಳದಲ್ಲಿ ನಿಂತು ಕೇಳಿದೆವು. ಬಿರುಗಾಳಿ. ಒಡೆದ ಹಡಗು. ಅಯ್ಯನವರ ಅಜ್ಜ ಒಬ್ಬೊಬ್ಬರನ್ನೇ ಬೆನ್ನ ಮೇಲೆ ಹೊತ್ತು, ಕೆಸರು ದಾಟಿಸಿ, ಇಡೀ ಊರನ್ನೇ ಉಳಿಸಿದ್ದು. ಪ್ರತಿ ಸಲ ಹೇಳುವಾಗಲೂ ಅಜ್ಜನ ಎದೆ ಇನ್ನಷ್ಟು ಅಗಲವಾಗುತ್ತದೆ.

ನಮ್ಮ ಒಲೆಗಳ ಮುಂದೆ ಈ ಕಥೆ ಬೇರೆ ಥರ. ಹಡಗು ಒಡೆದಾಗ ಆ ಅಜ್ಜ ಪಟಗಂಬ ತಬ್ಬಿಕೊಂಡು ಅಮ್ಮಾ ಅಂತ ಅಳುತ್ತಿದ್ದನಂತೆ. ನನ್ನ ಮುತ್ತಜ್ಜಿ ಅವನನ್ನು ಕಿತ್ತು ಬೆನ್ನಿಗೆ ಹಾಕಿಕೊಂಡಳಂತೆ. ದಾರಿಯಲ್ಲಿ ಅವನು ಹೆದರಿ ಉಚ್ಚೆ ಹೊಯ್ದನಂತೆ. “ಆ ಬಿಸಿ ನಮ್ಮ ಮನೆತನದ ಬೆನ್ನಿಗೆ ಇನ್ನೂ ಆರಿಲ್ಲ” ಅಂತ ನನ್ನಜ್ಜಿ ನಗುತ್ತಿದ್ದಳು.

“ಅಯ್ಯನವರು ಹೇಳಿದ್ದು ನಿಜಾನಾ ಅಜ್ಜಾ?” ಸಾಹೇಬರು ಬಲೆ ನೇಯುವ ಮುದುಕನನ್ನು ಕೇಳಿದರು.

“ನಿಜ ಸಾಮಿ. ಆಗ ನಾವು ಎಷ್ಟು ಹಗುರ ಇದ್ವೋ ಏನೋ. ನಮ್ಮನ್ನ ಹೊತ್ತಿದ್ದು ಯಾರಿಗೂ ನೆನಪೇ ಇಲ್ಲ.”

ಸಾಹೇಬರು ತಲೆದೂಗಿದರು. “ಹಾಗಾದ್ರೆ ಜೆಟ್ಟಿ?”

“ಯಾಕ್ ಸಾರ್?” ಅಯ್ಯನವರು ಎದೆಯ ಮೇಲೆ ಕೈಯಿಟ್ಟರು. “ಅವತ್ತು ನಮ್ಮಜ್ಜ ಹೊತ್ರು, ಇವತ್ತು ಇವ್ರು ಹೊರ್ತಾರೆ. ಋಣ ಸಾರ್ ಇದು. ಕಲ್ಲು ಹಾಕಿಬಿಟ್ರೆ ಈ ಪ್ರೀತಿ ಎಲ್ಲಿರತ್ತೆ?”

ಸಾಹೇಬರ ಕಣ್ಣು ಒದ್ದೆಯಾಯಿತು. “ಇಂಥದ್ದು ಉಳೀಬೇಕು. ಜೆಟ್ಟಿ ಬೇಡ ಅಂತಾನೇ ಹೇಳ್ತೀನಿ.”

ನಾನು ಬಾಯಲ್ಲೇ ಮಾತನ್ನು ಎರಡೆರಡು ಸಲ ತಿದ್ದಿಕೊಂಡು, ಕೊನೆಗೆ ಅಂದೆ, “ಸಾರ್, ನಮ್ಮವ್ವನ ಮಂಡಿ ಸವೆದಿದೆ. ದಯವಿಟ್ಟು...”

“ಓದ್ಸಿದ್ರೆ ಇದೇ ಗತಿ,” ಅಯ್ಯನವರು ನಕ್ಕರು. “ಅವಳ ಮಂಡಿ ಹೋಯ್ತಾ? ನಿಂದು ಗಟ್ಟಿ ಇದ್ಯಲ್ಲ. ಇವತ್ತಿಂದ ನೀನೂ ಬಾ. ಸಾಹೇಬ್ರನ್ನ ದೋಣಿಗೆ ಹಾಕು. ಇಲ್ಲಾಂದ್ರೆ ಗುಡಿಸ್ಲು ಬಿಚ್ಕೊಂಡು ಹೊರಡಿ, ತಾಯಿ ಮಗಳು ಇಬ್ರೂ.”

ಅವ್ವ ನನ್ನ ಮುಖ ನೋಡಲಿಲ್ಲ. ಸೆರಗನ್ನು ಸೊಂಟಕ್ಕೆ ಬಿಗಿದಳು.

ದಡದಲ್ಲಿ ನಾನು ಬಗ್ಗಿದೆ. “ಛೆ ಛೆ, ಓದಿದ ಹುಡುಗಿ,” ಎನ್ನುತ್ತಲೇ ಸಾಹೇಬರು ಹತ್ತಿದರು. ಅವರ ಮೊಣಕಾಲುಗಳ ಕೆಳಗೆ ನನ್ನ ಕೈ ಹೆಣೆದೆ. ಅವರು ಕೈಯಲ್ಲಿ ಹಿಡಿದಿದ್ದ ಶೂ ನನ್ನ ಗಲ್ಲಕ್ಕೆ ಒತ್ತುತ್ತಿತ್ತು. ಉಬ್ಬರದ ನೀರು ಆಗಲೇ ಕೆಸರಿನ ಮೇಲೆ ಹರಿದು ಬರುತ್ತಿತ್ತು.

“ಏನಮ್ಮ ಓದಿದ್ದು?” ಕಿವಿಯ ಹತ್ತಿರ ಕೇಳಿದರು.

“ಇತಿಹಾಸ ಸಾರ್.”

“ಓಹ್! ಒಳ್ಳೇ ವಿಷಯ.”

ನಮ್ಮ ಮುಂದೆ ಅವ್ವ, ಅವಳ ಮೇಲೆ ಸಾಹೇಬರನ್ನು ದೋಣಿಯವರೆಗೆ ಕಳಿಸಲು ಹೊರಟ ಅಯ್ಯನವರು. ಅರ್ಧ ದಾರಿಯಲ್ಲಿ ಅವಳು ನಿಂತಳು. ಮಂಡಿ ಹೋಯಿತೆಂದೇ ನಾನಂದುಕೊಂಡೆ. ಅವಳು ಮೆಲ್ಲಗೆ, ಮಗುವನ್ನು ಇಳಿಸಿದ ಹಾಗೆ, ಅಯ್ಯನವರನ್ನು ಕೆಸರಿಗೆ ಇಳಿಸಿದಳು. ಬಿಳಿ ಪಂಚೆ ಮಂಡಿಯವರೆಗೂ ಕಪ್ಪಾಯಿತು.

“ಏಯ್! ತಲೆ ಕೆಟ್ಟಿದ್ಯೇನೇ, ದರಿದ್ರ ಮುಂಡೆ? ಎತ್ತು!”

“ಕಾಲು ಸೋತ್ವು ಅಯ್ಯ,” ಅವ್ವ ಸಮಾಧಾನದಲ್ಲೇ ಅಂದಳು. “ನಿಮ್ಮಜ್ಜ ಊರನ್ನೇ ಹೊತ್ತೋರು. ನೀವು ನನ್ನೊಬ್ಳನ್ನ ಹೊರ್ಲಾರ್ರಾ?”

ಅವರ ಹಿಂದೆ ಹೋಗಿ ಎರಡೂ ಕೈಗಳನ್ನು ಭುಜದ ಮೇಲಿಟ್ಟು ಹಾರಿ ಕೂತೇಬಿಟ್ಟಳು. ಅಯ್ಯನವರು ತೂರಾಡಿದರು. ಕೆಸರು ಅವರ ಕಾಲು ಬಿಡಲಿಲ್ಲ, ಅವ್ವ ಅವರ ಕುತ್ತಿಗೆ ಬಿಡಲಿಲ್ಲ.

“ಅಲ್ಲಾಡಿಸ್ಬೇಡಿ ಅಯ್ಯ,” ಅಂದಳು. “ನಾನೇನು ಉಪ್ಪಿನ ಮೂಟೆನಾ?”

ದಡದಲ್ಲಿದ್ದ ಚಿಕ್ಕಮ್ಮನ ಬಾಯಿಂದ ಕಿಸಕ್ಕೆಂದು ಒಂದು ನಗು ಜಾರಿತು. ಅದರ ಹಿಂದೆ ಇನ್ನೊಂದು.

“ಏನಾಗ್ತಿದೆ ಅಲ್ಲಿ? ನೀವು ಮುಂದೆ ನಡೀರಮ್ಮ. ನೀರು ಏರ್ತಿದೆ, ನನ್ನ ಶೂ...” ಸಾಹೇಬರು ನನ್ನ ಕುತ್ತಿಗೆ ಬಿಗಿಯಾಗಿ ಹಿಡಿದುಕೊಂಡರು.

ತಿರುಗಿ ದಡ ನೋಡಿದೆ. ನಮ್ಮ ಗುಡಿಸಲು ಅಲ್ಲೇ ಇತ್ತು. ಬಾಗಿಲಿಗೆ ಅವ್ವ ಹರವಿದ್ದ ಸೀರೆ ಗಾಳಿಗೆ ಬಡಿದುಕೊಳ್ಳುತ್ತಿತ್ತು. ಎಷ್ಟು ಹೊತ್ತು ನೋಡಿದೆನೋ.

ಆಮೇಲೆ ಸಾಹೇಬರ ಮೊಣಕಾಲುಗಳ ಕೆಳಗೆ ಹೆಣೆದಿದ್ದ ಬೆರಳುಗಳನ್ನು ಒಂದೊಂದಾಗಿ ಬಿಡಿಸತೊಡಗಿದೆ.