ನಡುವಿನ ಪೈಪು

ದಿವ್ಯ ನನ್ನ ಮೈದುನನ ಹೆಂಡತಿಯಾಗಿ ನಮ್ಮ ಮನೆಗೆ ಬಂದು ಎಂಟು ತಿಂಗಳಾಗಿತ್ತು. ಅಷ್ಟರಲ್ಲಿ ನನ್ನ ಮಗಳು ಲೆಕ್ಕ ಹೇಳಿಸಿಕೊಳ್ಳಲು ಅವಳ ಹತ್ತಿರ ಹೋಗತೊಡಗಿದಳು. ನನ್ನ ಗಂಡ ಕಾಫಿ ಅವಳ ಕೈಯದೇ ಚೆನ್ನ ಎಂದರು. ಪಕ್ಕದ ಮನೆಯವರು ಹಬ್ಬದ ಕುಂಕುಮಕ್ಕೆ ಅವಳನ್ನು ಮೊದಲು ಕರೆದು ನನ್ನನ್ನು ಆಮೇಲೆ ಕರೆದರು. ಇದೆಲ್ಲ ನುಂಗಿಕೊಂಡೆ. ಗೋಡೌನಿಗೆ ಕೈ ಹಾಕಿದಳು ನೋಡಿ, ಅದನ್ನು ಮಾತ್ರ ನುಂಗಲಾಗಲಿಲ್ಲ.

ಕುರುಬರಹಳ್ಳಿಯಲ್ಲಿ ನಮ್ಮದು ಶಾಮಿಯಾನದ ವ್ಯಾಪಾರ. ಮಾವನವರು ಹೊಲ ಮಾರಿದ ಮೇಲೆ ಶುರು ಮಾಡಿದ್ದು. ಈಗ ನನ್ನ ಗಂಡ ವೆಂಕಟರಮಣಪ್ಪ ಮತ್ತು ಮೈದುನ ಯಶ್ವಂತ್ ನೋಡಿಕೊಳ್ಳುತ್ತಾರೆ. ನೋಡಿಕೊಳ್ಳುತ್ತಾರೆ ಎಂದರೆ ಫೋನಿನಲ್ಲಿ ಮಾತಾಡುತ್ತಾರೆ. ಗೋಡೌನು ನನ್ನದು. ಯಾವ ಮನೆಗೆ ಎಷ್ಟು ಬಟ್ಟೆ, ಎಷ್ಟು ಕುರ್ಚಿ, ಎಷ್ಟು ಪೈಪು ಎಂದು ಹೇಳುವವಳು ನಾನು. ಪೈಪು ಕಟ್ಟುವವಳೂ ನಾನೇ. ಒಂದು ಕಟ್ಟಿಗೆ ಏಳು ಪೈಪು, ನಡುವೆ ಒಂದು, ಸುತ್ತ ಆರು. ಎರಡು ಕಡೆ ಹಗ್ಗ ಬಿಗಿದು ಗಂಟು ಹಾಕಿದರೆ ಇಬ್ಬರು ಆಳುಗಳು ಹೆಗಲ ಮೇಲೆ ಹೊತ್ತು ನಡೆಯುತ್ತಾರೆ. ಬೆಳಿಗ್ಗೆ ಲಗೇಜ್ ಆಟೊ ಬರುವಷ್ಟರಲ್ಲಿ ನಾನು ಕಟ್ಟಿ ಮುಗಿಸದಿದ್ದರೆ ಆ ದಿನ ಯಾರ ಮನೆಯ ಮುಂದೆಯೂ ಶಾಮಿಯಾನ ಏಳುವುದಿಲ್ಲ. ಇಪ್ಪತ್ತೆರಡು ವರ್ಷದಿಂದ ಹೀಗೇ ನಡೆದಿತ್ತು. ಹಗ್ಗ ಎಳೆದು ಎಳೆದು ನನ್ನ ಅಂಗೈ ಜಡ್ಡುಗಟ್ಟಿದೆ. ಬೇಸರದಿಂದ ಹೇಳುತ್ತಿಲ್ಲ, ಜಂಬದಿಂದಲೇ ಹೇಳುತ್ತಿದ್ದೇನೆ.

ದಿವ್ಯ ಯಶ್ವಂತನ ಹೆಂಡತಿ. ಮೆಕ್ಯಾನಿಕಲ್ ಡಿಪ್ಲೊಮಾ ಮಾಡಿದವಳು, ಮದುವೆಗೆ ಮೊದಲು ರಾಜಾಜಿನಗರದ ಒಂದು ವರ್ಕ್‌ಶಾಪಿನಲ್ಲಿ ಕೆಲಸದಲ್ಲಿದ್ದಳು. ಒಂದು ಬೆಳಿಗ್ಗೆ ಗೋಡೌನಿಗೆ ತಿಂಡಿ ತಂದವಳು ನನ್ನ ಕೈ ಹಿಡಿದುಕೊಂಡು ನೋಡಿದಳು.

“ಅಯ್ಯೋ ಅಕ್ಕಾ, ಕೈ ಹೆಂಗಾಗಿದೆ ನೋಡಿ! ಇದಕ್ಕೊಂದು ಕ್ಲಿಪ್ ಮಾಡ್ಬೋದು. ಟಕ್ ಅಂತ ಲಾಕ್ ಆಗ್ಬೇಕು, ಮೇಲೊಂದು ಹಿಡಿ ಇರ್ಬೇಕು. ಆಮೇಲೆ ಯಾರ್ ಬೇಕಾದ್ರೂ ಕಟ್ಬೋದು, ನೀವು ಕಷ್ಟಪಡೋದೇ ಬೇಡ.”

ಒಳ್ಳೆಯ ಮನಸ್ಸಿನಿಂದಲೇ ಹೇಳಿದಳು, ಅದು ನನಗೂ ಗೊತ್ತು. ಆದರೆ ‘ಯಾರು ಬೇಕಾದರೂ’ ಎಂಬ ಮಾತು ನನ್ನ ಎದೆಯೊಳಗೆ ಕೂತುಬಿಟ್ಟಿತು. ಯಾರು ಬೇಕಾದರೂ ಕಟ್ಟಬಹುದಾದರೆ ಈ ಜಗದಾಂಬಾ ಯಾಕೆ ಬೇಕು?

ಅಂದಿನಿಂದ ಮನೆಯಲ್ಲಿ ಅದೇ ಮಾತು. ಹಾಲ್‌ನಲ್ಲಿ ದಿವ್ಯ ಕಾಗದ ಹರಡಿಕೊಂಡು ಕೂರುತ್ತಿದ್ದಳು. ಒಂದು ರೂಪಾಯಿ ನಾಣ್ಯ ಇಟ್ಟು ಸುತ್ತ ಗೆರೆ ಎಳೆದು ಏಳು ಸೊನ್ನೆ ಬರೆದಳು, ನಡುವೆ ಒಂದು, ಸುತ್ತ ಆರು. ಅವುಗಳ ಹೊರಗೆ ಕಬ್ಬಿಣದ ಪಟ್ಟಿಯ ಬಳೆ. ಬಳೆ ಎರಡು ಅರ್ಧ, ಒಂದು ಕಡೆ ಕೀಲು, ಇನ್ನೊಂದು ಕಡೆ ಟ್ರಂಕಿಗೆ ಇರುವಂಥ ಕೊಂಡಿ, ಒಳಗೆ ಸೈಕಲ್ ಟ್ಯೂಬಿನ ರಬ್ಬರು. ನನ್ನ ಗಂಡ ಕನ್ನಡಕ ಏರಿಸಿಕೊಂಡು ಬಗ್ಗಿ ನೋಡಿದರು. “ತಲೆ ಅಂದ್ರೆ ಇದು ಕಣಮ್ಮಾ,” ಎಂದರು. ಇಪ್ಪತ್ತೆರಡು ವರ್ಷದಲ್ಲಿ ನನ್ನ ಗಂಟನ್ನು ಅವರು ಒಮ್ಮೆಯೂ ಬಗ್ಗಿ ನೋಡಿದವರಲ್ಲ.

ನಾನೂ ನೋಡಿದೆ, ನೋಡಿದ ತಕ್ಷಣ ಅದರ ತಪ್ಪು ಕಂಡಿತು. ಏಳೂ ಸೊನ್ನೆ ಒಂದೇ ನಾಣ್ಯದವು. ನಮ್ಮ ಪೈಪು ಹಾಗಿಲ್ಲ. ಮಾವನವರ ಕಾಲದವು ಒಂಚೂರು ದಪ್ಪ, ಆಮೇಲೆ ತಂದವು ತೆಳ್ಳಗೆ. ಎಲ್ಲಕ್ಕೂ ನೀಲಿ ಬಣ್ಣ ಬಳಿದಿರುವುದರಿಂದ ಕಣ್ಣಿಗೆ ಗೊತ್ತಾಗುವುದಿಲ್ಲ, ಮುಟ್ಟಿದರೆ ಗೊತ್ತಾಗುತ್ತದೆ. ನಾನು ಯಾವಾಗಲೂ ದಪ್ಪದ್ದನ್ನೇ ನಡುವೆ ಇಡುತ್ತೇನೆ. ತೆಳ್ಳನೆಯದನ್ನು ಇಟ್ಟರೆ ಸುತ್ತಲಿನ ಆರು ಒಂದಕ್ಕೊಂದು ಒತ್ತಿ ನಿಲ್ಲುತ್ತವೆ, ನಡುವಿನದನ್ನು ಯಾವುದೂ ಹಿಡಿದಿರುವುದಿಲ್ಲ. ಕಟ್ಟು ಮಟ್ಟವಾಗಿರುವ ತನಕ ಸುಮ್ಮನಿದ್ದು, ಓರೆಯಾದ ಕೂಡಲೇ ಜಾರುತ್ತದೆ. ಇದನ್ನು ಯಾರಿಗೂ ಹೇಳಿದ್ದಿಲ್ಲ. ಕೇಳಿದವರೂ ಇಲ್ಲ.

ದಿವ್ಯ ಕೇಳಿದಳು. “ಅಕ್ಕಾ, ನಾನೇನಾದ್ರೂ ಮರ್ತಿದೀನಾ? ದಿನಾ ಕಟ್ಟೋರು ನೀವು.”

“ಏನೂ ಇಲ್ಲ,” ಎಂದೆ. “ಓದಿದವಳು ನೀನು. ನಂಗೇನು ಗೊತ್ತಾಗುತ್ತೆ?”

ಅವಳು ನಂಬಿದಳು. ನನಗೆ ಒಳಗೊಳಗೇ ಹಬ್ಬ.

ಕ್ಲಿಪ್ಪುಗಳು ತಯಾರಾಗಿ ಬಂದವು. ಗೋಡೌನಿನ ಮುಂದಿನ ರಸ್ತೆಯಲ್ಲಿ ಹಿರಿಯ ಆಳು ತಮ್ಮಣ್ಣ ಮತ್ತು ಇನ್ನೊಬ್ಬ ಕಟ್ಟನ್ನು ಹಿಡಿಯಿಂದ ಎತ್ತಿಕೊಂಡು ಆ ತುದಿಗೆ ಹೋಗಿ ಬಂದರು. ಮಟ್ಟವಾದ ರಸ್ತೆ, ಏನೂ ಆಗಲಿಲ್ಲ. ತಮ್ಮಣ್ಣ ಹೆಗಲು ಮುಟ್ಟಿಕೊಂಡು ನಕ್ಕ. “ಇಷ್ಟ್ ವರ್ಷ ಈ ಹೆಗಲು ಸುಮ್ನೆ ಸವೆಸಿದ್ನಲ್ಲಕ್ಕಾ!” ಎಂದು ನನಗೇ ಹೇಳಿದ. ಅವನ ಮೇಲೂ ನನಗೆ ಸಿಟ್ಟು ಬಂತು.

ಮೊದಲ ಕೆಲಸ ಚಂದ್ರಾ ಲೇಔಟ್‌ನಲ್ಲಿ, ನಾಮಕರಣಕ್ಕೆ ತಾರಸಿಯ ಮೇಲೆ ಶಾಮಿಯಾನ. ಕಟ್ಟುಗಳನ್ನು ತಮ್ಮಣ್ಣನೇ ಕ್ಲಿಪ್ ಹಾಕಿ ಸಿದ್ಧ ಮಾಡಿದ. ಕೈಗೆ ಸಿಕ್ಕ ಪೈಪನ್ನು ಸಿಕ್ಕ ಜಾಗಕ್ಕೆ ತುರುಕಿದ. ನಾನು ಪಕ್ಕದಲ್ಲೇ ನಿಂತು ನೋಡಿದೆ. ಆಟೊ ಹೊರಡುವಾಗ ದಿವ್ಯಳ ಜೊತೆ ನಾನೂ ಹತ್ತಿದೆ. ನೋಡಲೇಬೇಕಿತ್ತು. ಒಂದೆರಡು ಪೈಪು ಜಾರಿ ನೆಲಕ್ಕೆ ಬಿದ್ದು ಸದ್ದಾಗಲಿ, ನಾಲ್ಕು ಜನ ನಗಲಿ, ಅಷ್ಟೇ ನನಗೆ ಬೇಕಾದದ್ದು. ಬೇರೇನೂ ಯೋಚಿಸಿರಲಿಲ್ಲ ಎಂದರೆ ನೀವು ನಂಬಬೇಕು.

ಮನೆಯ ಹೊರಗಿನ ಮೆಟ್ಟಿಲು ಕಡಿದಾಗಿತ್ತು. ಮುಂದೆ ತಮ್ಮಣ್ಣ, ಹಿಂದೆ ಇನ್ನೊಬ್ಬ. ದಿವ್ಯ ಕೆಳಗಿನ ಮೆಟ್ಟಿಲ ಹತ್ತಿರ ನಿಂತು ಫೋನಿನಲ್ಲಿ ವಿಡಿಯೊ ಮಾಡುತ್ತಿದ್ದಳು, ತವರಿಗೆ ಕಳಿಸಲು. ನಾನು ಗೇಟಿನ ಹತ್ತಿರವಿದ್ದೆ. ಕಟ್ಟು ಓರೆಯಾಯಿತು. ನಡುವಿನ ಪೈಪು ಒಂದು ಗೇಣು ಹೊರಗೆ ಬಂದದ್ದು ನನಗೆ ಕಂಡಿತು. ‘ದಿವ್ಯಾ, ಪಕ್ಕಕ್ಕೆ ಸರಿ’ ಎಂದು ಕೂಗಲು ಸಮಯವಿತ್ತು. ಎಷ್ಟೋ ಸಲ ನೆನೆಸಿಕೊಂಡು ಅಳೆದಿದ್ದೇನೆ, ಖಂಡಿತ ಇತ್ತು. ನಾನು ಕೂಗಲಿಲ್ಲ.

ಪೈಪು ಸೊಯ್ಯನೆ ಜಾರಿ ಬಂದು ಅವಳ ಪಾದದ ಮೇಲೆ ಬಿತ್ತು.

ಪಾದದ ಎರಡು ಮೂಳೆ ಮುರಿದಿದ್ದವು. ಆರು ವಾರ ಕಾಲು ನೆಲಕ್ಕೆ ಊರಬಾರದು ಎಂದು ಡಾಕ್ಟರು ಪ್ಲಾಸ್ಟರ್ ಹಾಕಿದರು. ಯಶ್ವಂತ್ ಆಸ್ಪತ್ರೆಯಲ್ಲಿ ಮಗುವಿನಂತೆ ಅತ್ತ. ಮನೆಗೆ ಬಂದ ಮೇಲೆ ನನ್ನ ಗಂಡ ಕೂಗಾಡಿದರು. “ಆ ಕ್ಲಿಪ್ಪೆಲ್ಲ ಗುಜರಿಗೆ ಹಾಕ್ರೋ! ನಮ್ಮ ಜಗದಾ ಕಟ್ಟಿದ ಕಟ್ಟು ಒಂದಿನಾನಾದ್ರೂ ಜಾರಿತ್ತೇನ್ರೋ?” ಈ ಮಾತಿಗಾಗಿ ನಾನು ವರ್ಷಗಟ್ಟಲೆ ಕಾದಿದ್ದೆ. ಈಗ ಕೇಳಿ ಸಂತೋಷವೇ ಆಯಿತು. ಮುಚ್ಚಿಟ್ಟು ಏನು ಪ್ರಯೋಜನ, ಸಂತೋಷವೇ ಆಯಿತು. ಆಮೇಲೆ ಬಚ್ಚಲಿಗೆ ಹೋಗಿ ನಲ್ಲಿ ಬಿಟ್ಟುಕೊಂಡು ಅತ್ತೆ.

ಮರುದಿನ ಮಧ್ಯಾಹ್ನ ತಟ್ಟೆಯಲ್ಲಿ ಅನ್ನ ಸಾರು ಕಲಸಿಕೊಂಡು ಅವಳ ಕೋಣೆಗೆ ಹೋದೆ. ದಿವ್ಯ ದಿಂಬಿಗೆ ಒರಗಿ ವಿಡಿಯೊ ನೋಡುತ್ತಿದ್ದಳು, ಹಿಂದೆ ಮುಂದೆ ಓಡಿಸಿ ಮತ್ತೆ ಮತ್ತೆ. ನೋವಿನಲ್ಲಿ ಮುಖ ಬಿಳಿಚಿಕೊಂಡಿತ್ತು.

“ಅಕ್ಕಾ, ಕ್ಲಿಪ್ ಬಿಚ್ಚಿಲ್ಲ ನೋಡಿ. ಸುತ್ತ ಇರೋ ಆರೂ ಅಲ್ಲಾಡಿಲ್ಲ. ನಡುವಿಂದು ಮಾತ್ರ ಯಾಕೆ ಜಾರ್ತು?”

ಸುಮ್ಮನಿದ್ದಿದ್ದರೆ ಮುಗಿಯುತ್ತಿತ್ತು. ಕ್ಲಿಪ್ಪು ಗುಜರಿಗೆ ಹೋಗುತ್ತಿತ್ತು, ಹಗ್ಗ ನನ್ನ ಕೈಗೆ ಬರುತ್ತಿತ್ತು. ಆದರೆ ಅವಳಿಗೆ ತಿಳಿಯದ ಒಂದು ವಿಷಯ ನನಗೆ ತಿಳಿದಿದೆ ಎಂಬುದು ಅವಳಿಗೆ ಗೊತ್ತಾಗಬೇಕು ಎನಿಸಿತು. ಪಶ್ಚಾತ್ತಾಪದಿಂದ ಹೇಳಿದೆ ಎಂದರೆ ಸುಳ್ಳಾಗುತ್ತದೆ. ಆ ಮುರಿದ ಕಾಲಿನ ಮುಂದೆ ಕೂತುಕೊಂಡೂ ನನಗೆ ಅವಳಿಗಿಂತ ಒಂದು ಕೈ ಮೇಲಿರಬೇಕಿತ್ತು.

“ಎಲ್ಲಾ ಪೈಪೂ ಒಂದೇ ದಪ್ಪ ಅಲ್ಲ ಕಣೇ,” ಎಂದೆ. “ನಡುವೆ ದಪ್ಪದ್ದೇ ಇಡ್ಬೇಕು. ತೆಳ್ಳಗಿರೋದಿಟ್ರೆ ಜಾರುತ್ತೆ.”

ಅವಳ ಕಣ್ಣು ಅರಳಿತು. ನೋವನ್ನೆಲ್ಲ ಮರೆತು ಬೆರಳುಗಳನ್ನು ಒಂದಕ್ಕೊಂದು ಒತ್ತಿ ನೋಡಿಕೊಂಡಳು. “ಹೌದಲ್ವಾ! ಎಷ್ಟ್ ಸಿಂಪಲ್ಲು! ನಂಗೆ ಹೊಳೀಲೇ ಇಲ್ಲ ಅಕ್ಕಾ.” ಆಮೇಲೆ ಬೆರಳು ನಿಂತವು. ನನ್ನ ಮುಖ ನೋಡಿದಳು. “ಇದು ನಿಮಗೆ ಯಾವಾಗ ಗೊತ್ತಾಯ್ತು?”

“ಮೊದಲಿಂದ್ಲೂ ಗೊತ್ತಿತ್ತು.”

“ನಾನು ನಿಮ್ಮನ್ನ ಕೇಳಿದ್ದೆ.”

“ಹೂಂ. ಕೇಳಿದ್ದೆ.”

ಅವಳು ತಟ್ಟೆ ತೆಗೆದುಕೊಂಡು ಒಂದು ತುತ್ತೂ ಬಿಡದೆ ಉಂಡಳು. ಸಂಜೆ ನನ್ನ ಗಂಡ ಬಂದಾಗ, “ಭಾವಾ, ತಪ್ಪು ನಂದೇ, ಪೈಪು ಸರಿಯಾಗಿ ಅಳೀಲಿಲ್ಲ,” ಎಂದಳು. ನಾನು ಬಾಗಿಲ ಹತ್ತಿರ ಚೊಂಬು ಹಿಡಿದು ನಿಂತಿದ್ದೆ. ನನ್ನ ಹೆಸರು ಎತ್ತಲಿಲ್ಲ. ಎತ್ತಿದ್ದರೆ ಜಗಳವಾದರೂ ಆಡಬಹುದಿತ್ತು, ಅತ್ತು ಕರೆದು ಕಾಲು ಹಿಡಿಯಬಹುದಿತ್ತು. ಅದರಲ್ಲೂ ಅವಳೇ ಗೆದ್ದಳು.

ಕ್ಲಿಪ್ಪು ಗುಜರಿಗೆ ಹೋಗಲಿಲ್ಲ. ಪ್ಲಾಸ್ಟರ್ ತೆಗೆದ ಮೇಲೆ ದಿವ್ಯ ಗೋಡೌನಿನಲ್ಲಿ ಸ್ಟೂಲ್ ಹಾಕಿಕೊಂಡು ಕೂತು ದಪ್ಪ ಪೈಪುಗಳಿಗೆಲ್ಲ ಹಳದಿ ಪಟ್ಟಿ ಬಳಿಸಿದಳು. ಹಳದಿಯದು ನಡುವೆ ಎಂದು ಆಳುಗಳಿಗೆ ಒಂದೇ ಮಾತಿನಲ್ಲಿ ಕಲಿಸಿದಳು. ಈಗ ನಿಜಕ್ಕೂ ಯಾರು ಬೇಕಾದರೂ ಕಟ್ಟುತ್ತಾರೆ. ನಾನೂ ಕಟ್ಟುತ್ತೇನೆ. ಮನೆಯಲ್ಲಿ ಅವಳು ಮೊದಲಿನಂತೆಯೇ ಅಕ್ಕಾ ಎನ್ನುತ್ತಾಳೆ, ಕಾಫಿ ಕೊಡುತ್ತಾಳೆ, ನಗುತ್ತಾಳೆ.

ಬೆಳಿಗ್ಗೆ ಆಟೊಗೆ ತುಂಬುವ ಮುಂಚೆ ಕುಂಟುತ್ತ ಒಂದು ಸುತ್ತು ಬರುತ್ತಾಳೆ. ತಮ್ಮಣ್ಣ ಕಟ್ಟಿದ ಕಟ್ಟನ್ನು ಮುಟ್ಟುವುದಿಲ್ಲ, ನಿನ್ನೆ ಮೊನ್ನೆ ಸೇರಿದ ಆಳು ಕಟ್ಟಿದ್ದನ್ನೂ ಮುಟ್ಟುವುದಿಲ್ಲ. ನಾನು ಕಟ್ಟಿದ ಕಟ್ಟಿನ ಒಂದು ತುದಿಯನ್ನು ಮಾತ್ರ ತಮ್ಮಣ್ಣನಿಂದ ಮೇಲಕ್ಕೆತ್ತಿಸಿ, ಓರೆ ಮಾಡಿಸಿ, ನಡುವಿನದು ಜಾರುತ್ತದೆಯೇ ಎಂದು ನೋಡುತ್ತಾಳೆ.