ಅಮ್ಮನ ಮಾತು ಮುಗಿಸುವವಳು

ಸೇತುವೆ ಕಟ್ಟುವುದನ್ನು ಓದುತ್ತೇನೆ ಎಂದರೆ ನಮ್ಮ ನೆಂಟರಿಷ್ಟರೆಲ್ಲ ಒಂದೇ ಬಾಯಲ್ಲಿ ನರ್ಸಿಂಗ್ ಓದು ಎನ್ನುತ್ತಿದ್ದರು. ಹೇಗೂ ಅಭ್ಯಾಸವಿದೆಯಲ್ಲ ಎಂಬುದು ಅವರ ವಾದ. ಪುಕ್ಕಟೆ ಸಲಹೆಗೇನು, ಎಷ್ಟು ಬೇಕಾದರೂ ಕೊಡಬಹುದು. ಅವರಲ್ಲಿ ಒಬ್ಬರೂ ಒಂದು ಮಧ್ಯಾಹ್ನ ಬಂದು ಅಮ್ಮನ ಪಕ್ಕ ಕೂತವರಲ್ಲ.

ಅಮ್ಮನಿಗೆ ಪಾರ್ಶ್ವವಾಯು ಹೊಡೆದಾಗ ನನಗೆ ಹದಿನಾಲ್ಕು. ಬಲಗೈ ಬಲಗಾಲು ಸ್ವಾಧೀನ ತಪ್ಪಿದವು. ಮಾತು ಪೂರ್ತಿ ಹೋಗಲಿಲ್ಲ, ಆದರೆ ಒಂದು ಪದ ಬಂದು ಇನ್ನೊಂದು ಬರುವುದರೊಳಗೆ ಕೇಳುವವರಿಗೆ ಆಕಳಿಕೆ ಬಂದಿರುತ್ತಿತ್ತು. ಅಪ್ಪ ಬೇಕರಿಯಲ್ಲಿ ಒಲೆ ನೋಡಿಕೊಳ್ಳುವವನು. ನಸುಕಿಗೆ ಹೋದರೆ ಮಧ್ಯಾಹ್ನ ಬಂದು ಸತ್ತಂತೆ ಮಲಗುತ್ತಿದ್ದ. ಹೀಗಾಗಿ ಎಬ್ಬಿಸುವುದು, ಸ್ನಾನ, ಮಾತ್ರೆ, ಊಟ, ಕಾಲಿನ ವ್ಯಾಯಾಮ ಎಲ್ಲವೂ ನನ್ನ ತಲೆಗೆ ಬಂತು.

ಕಾಲೇಜಿಗೆ ನಾನು ಹೊತ್ತಿಗೆ ಸರಿಯಾಗಿ ಹೋದ ದಿನಗಳನ್ನು ಬೆರಳಲ್ಲಿ ಎಣಿಸಬಹುದು. ಗಣಿತದ ಮೇಷ್ಟ್ರು ಬಾಗಿಲಲ್ಲೇ ತಡೆದು, ಮಹಾರಾಣಿಯವರಿಗೆ ಈಗ ಬೆಳಗಾಯಿತೇ ಎಂದು ಕೇಳುತ್ತಿದ್ದರು. ಎರಡನೇ ವರ್ಷ ಹಾಜರಾತಿ ಸಾಲದೆ ಪರೀಕ್ಷೆಗೆ ಕೂರಿಸಲಿಲ್ಲ. ಮರುವರ್ಷ ಪಾಸಾಗಿ ಎಂಜಿನಿಯರಿಂಗ್ ಸಂದರ್ಶನಕ್ಕೆ ಹೋದರೆ, ನಡುವೆ ಒಂದು ವರ್ಷ ಏನು ಮಾಡುತ್ತಿದ್ದೆ ಎಂದು ಕೇಳಿದರು. ಮನೆಯಲ್ಲೇ ಇದ್ದೆ ಎಂದೆ. ಅವರು ‘ಏನೂ ಇಲ್ಲ’ ಎಂದು ಬರೆದುಕೊಂಡರು. ನನಗೆ ಮೈಯೆಲ್ಲ ಉರಿದುಹೋಯಿತು. ಆದರೂ ಸೀಟು ಬಂತು. ದೂರದ ಊರು, ಹಾಸ್ಟೆಲಿನಲ್ಲೇ ಇರಬೇಕು. ಶನಿವಾರ ಸಂಜೆ ಐದರೊಳಗೆ ಫೋನಿನಲ್ಲಿ ಒಪ್ಪಿಗೆ ಒತ್ತದಿದ್ದರೆ ಅದು ಪಟ್ಟಿಯಲ್ಲಿ ನನ್ನ ನಂತರದವರ ಪಾಲು.

ಅಪ್ಪ ಬೇಕರಿಯವರ ಕೈಕಾಲು ಹಿಡಿದು ಸಂಜೆ ಆರರ ಪಾಳಿ ಮಾಡಿಸಿಕೊಂಡ. ಸಂಜೆ ಹೊತ್ತು ಪಕ್ಕದ ಮನೆಯ ಟೈಲರ್ ಅತ್ತೆ ಹೊಲಿಗೆ ತಂದು ಅಮ್ಮನ ಬಳಿ ಕೂರುವುದೆಂದಾಯಿತು. ಒಂದು ವಾರ ಅಭ್ಯಾಸ ನಡೆಯಲಿ, ನೀನು ಅಡುಗೆಮನೆ ಬಿಟ್ಟು ಈಚೆ ಬರಬೇಡ ಎಂದು ಅಪ್ಪ ನನಗೆ ತಾಕೀತು ಮಾಡಿದ.

ಮೊದಲ ದಿನವೇ ಅಮ್ಮ ಏನೋ ಹೇಳಲು ಹೊರಟಳು. ಬಿಸಿಲು ಕಣ್ಣಿಗೆ ಹೊಡೆಯುವ ಹೊತ್ತು, ನಾನಾಗಿದ್ದರೆ ಅವಳು ಬಾಯಿ ತೆರೆಯುವ ಮೊದಲೇ ಪರದೆ ಎಳೆದಿರುತ್ತಿದ್ದೆ. ಅಪ್ಪನಿಗೆ ಇದೆಲ್ಲಿ ಗೊತ್ತಾಗಬೇಕು? ಒಲೆಯೊಳಗಿನ ಬ್ರೆಡ್ಡಿಗೆ ಕಾಯುವವನಂತೆ ಸುಮ್ಮನೆ ಕೂತ. ಬಹಳ ಹೊತ್ತಾದ ಮೇಲೆ ಅಮ್ಮ, ಪರದೆ ಎಳಿ, ಬಿಸಿಲು ಎಂದಳು. ಮೂರು ಪದ ಒಟ್ಟಿಗೆ. ಅವಳ ಬಾಯಲ್ಲಿ ಅಷ್ಟು ಮಾತು ಕೇಳಿ ಯಾವ ಕಾಲವಾಗಿತ್ತೋ. ನನಗೆ ಖುಷಿಯಾಯಿತು ಎಂದರೆ ಸುಳ್ಳು. ಹೊಟ್ಟೆಕಿಚ್ಚಾಯಿತು.

ಗುರುವಾರದ ಹೊತ್ತಿಗೆ ಅವಳು ಅಪ್ಪನನ್ನು ಬೈಯುವುದಕ್ಕೂ ಶುರುಮಾಡಿದ್ದಳು. ತಲೆ ಬಾಚಲು ಬಾರದ ಅವನಿಗೆ ಹಿಟ್ಟು ಕಲಸುವುದೊಂದೇ ಗೊತ್ತು ಎಂದು ತಡೆತಡೆದು ಹೇಳಿದಳು. ಇಬ್ಬರೂ ನಕ್ಕರು. ನಾನು ಅಡುಗೆಮನೆಯಲ್ಲಿ ತೊಳೆದ ಪಾತ್ರೆಯನ್ನೇ ಮತ್ತೆ ತೊಳೆದೆ.

ಶುಕ್ರವಾರ ಅಪ್ಪ ಬೆಳಗಿನ ಮಾತ್ರೆಯನ್ನು ಮಧ್ಯಾಹ್ನದ ಊಟವಾದ ಮೇಲೆ ಕೊಟ್ಟ. ನನಗೆ ಬೇಕಾಗಿದ್ದೂ ಅಷ್ಟೇ. ಡಾಕ್ಟರು ಏನೂ ತೊಂದರೆಯಿಲ್ಲ ಎಂದು ಫೋನಿನಲ್ಲಿ ಹೇಳಿದರೂ ನಾನು ಕಡ್ಡಿಯನ್ನು ಗುಡ್ಡ ಮಾಡಿದೆ. ಶನಿವಾರ ನಾಲ್ಕೂವರೆಗೆ ಫೋನು ಹಿಡಿದು ಅವರಿಬ್ಬರ ಮುಂದೆ ನಿಂತೆ. ಒಂದೇ ವಾರಕ್ಕೆ ಹೀಗಾದರೆ ನಾಲ್ಕು ವರ್ಷ ಹೇಗೆ, ಸೀಟು ಬೇಡವೆಂದು ಬರೆದುಬಿಡುತ್ತೇನೆ ಎಂದೆ. ಅಪ್ಪ ತಪ್ಪು ಮಾಡಿದವನಂತೆ ತಲೆ ತಗ್ಗಿಸಿದ. ಅಮ್ಮ ಎಡಗೈ ಎತ್ತಿದಳು.

“ನೀನು...”

“ಗೊತ್ತಮ್ಮ. ನಾನಿಲ್ದಿದ್ರೆ ನಿಂಗೆ ಕಷ್ಟ. ನಾನು ಎಲ್ಲಿಗೂ ಹೋಗಲ್ಲ.”

ಅವಳು ಹಾಸಿಗೆಯ ಮೇಲೆ ಪಟ್ಟನೆ ಬಡಿದಳು.

“ತಾಳೇ,” ಎಂದ ಅಪ್ಪ. “ಅವಳು ಹೇಳಿ ಮುಗಿಸ್ಲಿ.”

ಕಾದೆವು. ಅಮ್ಮನ ತುಟಿ ಒಂದು ಕಡೆಗೆ ಎಳೆದುಕೊಂಡಿತು, ಹಣೆ ಬೆವರಿತು.

“ನೀನು... ಎಲ್ಲಾ... ನೀನೇ ಹೇಳ್ಬಿಡ್ತೀಯ. ನನ್ನ ಬಾಯಿಗೆ... ಕೆಲಸಾನೇ... ಇಲ್ಲ.”

ಕಪಾಳಕ್ಕೆ ಹೊಡೆದಿದ್ದರೂ ಅಷ್ಟು ನೋಯುತ್ತಿರಲಿಲ್ಲ. ಶಾಲೆ, ಗೆಳತಿಯರು, ಒಂದಿಡೀ ವರ್ಷ, ಎಲ್ಲವನ್ನೂ ಈ ಮಂಚಕ್ಕೆ ಸುರಿದದ್ದು ಇದಕ್ಕೇನಾ ಎಂದು ಕೇಳಬೇಕೆನಿಸಿತು. ಕೇಳಲಿಲ್ಲ, ಏಕೆಂದರೆ ಅವಳು ಹೇಳಿದ್ದು ನಿಜ. ನನಗೆ ಅವಸರವಿತ್ತು. ಮೊದಲನೇ ಗಂಟೆ ಹೊಡೆಯುವುದರೊಳಗೆ ಓಡಬೇಕಿತ್ತು. ಅವಳ ಮಾತನ್ನು ನಾನೇ ಮುಗಿಸಿದರೆ ಎರಡು ನಿಮಿಷ ಉಳಿಯುತ್ತಿತ್ತು. ಹಾಗೆ ಉಳಿಸುತ್ತ ಉಳಿಸುತ್ತ ಅವಳ ನಾಲಿಗೆಯ ಜಾಗದಲ್ಲಿ ನಾನೇ ಕೂತುಬಿಟ್ಟಿದ್ದೆ. ಐದಕ್ಕೆ ಹತ್ತು ನಿಮಿಷವಿದ್ದಾಗ ಅವಳ ಎದುರಿಗೇ ಒಪ್ಪಿಗೆ ಒತ್ತಿದೆ.

ಅಮ್ಮ ಮತ್ತೆ, “ನಂಗೆ...” ಎಂದಳು.

ಅಷ್ಟು ಮಾತಾಡಿ ಗಂಟಲು ಒಣಗಿರಬೇಕು. ನಾನು ನೀರಿಗೆಂದು ಆಗಲೇ ಹೊರಟಿದ್ದೆ. ಅಪ್ಪ ಕೈ ಹಿಡಿದು ಕೂರಿಸಿದ.

“ನಂಗೆ... ನಿನ್ನ ಬಿಟ್ಟು...” ಎಂದು ಅವಳು ನಿಂತಳು. ನಾನು ತುಟಿ ಕಚ್ಚಿಕೊಂಡೆ. “...ಭಯ ಆಗುತ್ತೆ. ಆದ್ರೂ... ಹೋಗು.”

ಅವಳಿಗೆ ನೀರು ಬೇಕಿರಲಿಲ್ಲ. ಈ ನಾಲ್ಕು ವರ್ಷದಲ್ಲಿ ಅವಳು ಹೀಗೆ ಏನೋ ಹೇಳಹೊರಟಾಗಲೆಲ್ಲ ನಾನು ಎಷ್ಟು ಸಲ ನೀರು ಕುಡಿಸಿದ್ದೆನೋ.