ಹುಲ್ಲಿನಂಕಣದ ಜೋಡಿ

ಪೆಟ್ಟಿಗೆಯ ಮುಚ್ಚಳ ಕೂರಲಿಲ್ಲ. ವಿಜಯಕುಮಾರ ಒಮ್ಮೆ ಒತ್ತಿದ, ಒಳಗಿನ ದಿಂಬುಗಳನ್ನು ಸರಿಮಾಡಿ ಮತ್ತೊಮ್ಮೆ ಒತ್ತಿದ. ಊಹೂಂ. ಅಪ್ಪನ ಬೆನ್ನಿಗೆ ಮೂರು ದಿಂಬು ಕೊಟ್ಟಿದ್ದ. ಶಿವಬಸಪ್ಪನವರು ಅರ್ಧ ಎದ್ದು ಕೂತು ಚಹಾ ಬರುವುದನ್ನು ಕಾಯುತ್ತಿರುವಂತೆ ಕಾಣುತ್ತಿದ್ದರು.

ಅಮೆರಿಕದ ಕೆಂಟ್ ಊರಿನ ಆ ಸ್ಮಶಾನದ ಮ್ಯಾನೇಜರ್ ಕೈಕಟ್ಟಿಕೊಂಡು ನಿಂತಿದ್ದ. ಒಳ್ಳೆಯವನೇ ಪಾಪ, ನಿಯಮ ಮಾತ್ರ ಅವನ ಕೈಲಿರಲಿಲ್ಲ. ದೇಹ ಮಲಗಿರಬೇಕು, ಪೆಟ್ಟಿಗೆ ಮುಚ್ಚಿರಬೇಕು, ಅದು ಕಾಂಕ್ರೀಟಿನ ತೊಟ್ಟಿಯೊಳಗೆ ಇಳಿಯಬೇಕು. ನಮ್ಮ ಲಿಂಗಾಯತರಲ್ಲಿ ಸತ್ತವರನ್ನು ಕೂರಿಸಿ, ಎಡಗೈಯಲ್ಲಿ ಇಷ್ಟಲಿಂಗವಿಟ್ಟು ಮಣ್ಣು ಕೊಡುತ್ತೇವೆ ಎಂದು ವಿಜಯಕುಮಾರ ಫೋನಿನಲ್ಲಿ ಕಂಡಕಂಡವರಿಗೆಲ್ಲ ವಿವರಿಸಿದ್ದ. ಎಲ್ಲರೂ ‘ಸಾರಿ’ ಅಂದರು. ಒಬ್ಬರೂ ಹೂಂ ಅನ್ನಲಿಲ್ಲ.

“ದವಾಖಾನ್ಯಾಗ ನನ್ನ ಕೈ ಹಿಡದು ಹೇಳ್ಯಾರ, ನನ್ನ ಕುಂಡ್ರಸು ಗೌರಾ, ಅಡ್ಡ ಮಲಗಸಬ್ಯಾಡ ಅಂತ,” ಎಂದರು ತಾಯಿ ಗೌರಾದೇವಿ. “ನಾ ಹೂಂ ಅಂದೀನಿ, ಕುಮಾರ.”

“ನಾ ಏನ್ ಮಾಡ್ಲಿ ಅವ್ವಾ, ನೀನ ಹೇಳು. ಕಾಲಿಗೆ ಬೀಳೋದೊಂದು ಬಾಕಿ ಅದ.”

ಕರ್ಕ್‌ಲ್ಯಾಂಡಿನಲ್ಲಿ ಸಾಫ್ಟ್‌ವೇರ್ ಕೆಲಸ ಮಾಡುತ್ತ, ಇಂಥ ದಿನ ಅಯ್ಯನೋರೂ ಆಗುವ ಚಂದ್ರಮೌಳಿ ಮೆಲ್ಲಗೆ ಹೇಳಿದ: “ಅಮ್ಮಾ, ಭಾವ ಮುಖ್ಯ. ಒಂದು ದಿಂಬಾದ್ರೂ ಉಳಿಯುತ್ತಾ ನೋಡೋಣ.”

ಒಂದು ತೆಗೆದರು, ಮುಚ್ಚಳ ಕೂರಲಿಲ್ಲ. ಇನ್ನೊಂದು ತೆಗೆದರು, ಆಗಲೂ ಇಲ್ಲ. ಗೌರಾದೇವಿ ಹಿತ್ತಾಳೆಯ ಪುಟ್ಟ ಕಪ್ಪಿನಿಂದ ವಿಭೂತಿ ತೆಗೆದು ಗಂಡನ ಹಣೆಗೆ ಬಳಿದರು.

“ಅಜ್ಜಿ, ವೈ ದ ಟ್ರೋಫಿ?” ಎಂದಳು ಮೊಮ್ಮಗಳು ಕೀರ್ತಿ.

“ಇದು ನಮ್ಮಿಬ್ಬರದು, ಪುಟ್ಟಿ. ಅದಕ್ಕ.”

ಮೂರನೆಯ ದಿಂಬನ್ನೂ ತೆಗೆದ ಮೇಲೆ ಮುಚ್ಚಳ ಸದ್ದಿಲ್ಲದೆ ಕೂತಿತು. ಕೂರಬೇಕಾದವರು ಮಲಗಿದರು.

*

ಬೆಳಗಾವಿಯ ದಂಡಿನ ಪ್ರದೇಶವಾದ ಕ್ಯಾಂಪಿನ ಕ್ಲಬ್ಬೊಂದರಲ್ಲಿ ಬ್ರಿಟಿಷರ ಕಾಲದಿಂದ ಹುಲ್ಲಿನಂಕಣದ ಟೆನಿಸ್ ಟೂರ್ನಿ ನಡೆಯುತ್ತಿತ್ತು. ಐವತ್ತು ವರ್ಷಕ್ಕೂ ಹಿಂದೊಮ್ಮೆ ಅದರ ಮಿಶ್ರ ಡಬಲ್ಸ್ ಫೈನಲ್ಲಿಗೆ ಬಂದವರು ವಿದ್ಯುತ್ ಮಂಡಳಿಯ ಗುಮಾಸ್ತ ಶಿವಬಸಪ್ಪ ಮತ್ತು ಹೆಣ್ಣುಮಕ್ಕಳ ಶಾಲೆಯ ಆಟದ ಟೀಚರ್ ಗೌರಾ. ಎದುರಿಗೆ ಒಬ್ಬ ಕರ್ನಲ್ ಸಾಹೇಬ, ಅವನ ಹೆಂಡತಿ. ಬೆಳಗಿನ ಮಳೆಗೆ ಹುಲ್ಲು ಜಾರುತ್ತಿತ್ತು. ಇವರಿಬ್ಬರೂ ಬೂಟು ಬಿಚ್ಚಿ ಬರಿಗಾಲಲ್ಲಿ ಇಳಿದರು. ಜನ ಹೊಟ್ಟೆ ಹಿಡಿದು ನಕ್ಕರು. ಸೀರೆಯ ಸೆರಗು ಬಿಗಿದ ಗೌರಾ ಎಡಕ್ಕೆ, ಶಿವಬಸಪ್ಪ ಬಲಕ್ಕೆ.

ಕೊನೆಯ ಪಾಯಿಂಟು. ಚೆಂಡಿನ ಹಿಂದೆ ಓಡಿದ ಶಿವಬಸಪ್ಪ ಅದನ್ನು ಹೇಗೋ ದಾಟಿಸಿ, ಗೆರೆಯಾಚೆ ದೊಪ್ಪನೆ ಬಿದ್ದರು. ಜೋಡಿಯಾಟದಲ್ಲಿ ಒಬ್ಬರು ಅಂಕಣದಾಚೆ ಹೋದರೆ ಇನ್ನೊಬ್ಬರು ನಡುವಿಗೆ ಸರಿಯಬೇಕು. ಹೋದವರು ಬರುವ ತನಕ ಇಡೀ ಅಂಕಣ ಉಳಿದವರದೇ. ಗೌರಾ ನಡುವಿಗೆ ಸರಿದಳು. “ಏಳ್ರೀ!” ಎಂದು ಕೂಗುತ್ತಲೇ ಬಂದ ಚೆಂಡನ್ನೆಲ್ಲ ಬಾರಿಸಿದಳು. ಕಡೆಗೆ ಕರ್ನಲ್ ನೆಟ್ಟಿಗೆ ಹೊಡೆದ.

ಚಾಂಪಿಯನ್ ಶಿವಬಸಪ್ಪ ಇನ್ನೂ ಅಂಗಾತ ಬಿದ್ದಿದ್ದರು. “ನೀವು ನಡುವ ನಿಂತಿದ್ರಿ. ನಾ ಯಾಕ ಏಳ್ಲಿ?”

ಆಮೇಲೆ ಕಪ್ಪು ತಿರುಗಿಸಿ ನೋಡುತ್ತ ಅಂದರು: “ಇಬ್ಬರಿಗೂ ಒಂದ ಕೊಟ್ಟಾರ. ಎರಡ ಮನ್ಯಾಗ ಹೆಂಗ ಇಡೋದು?”

ಕಾರಹುಣ್ಣಿಮೆಯೊಳಗೆ ಮದುವೆಯಾಯಿತು. ಮತ್ತೆಂದೂ ಅವರು ಏನೂ ಗೆಲ್ಲಲಿಲ್ಲ. ಮಗನ ಮನೆಗೆ ಬಂದ ಮೇಲೆ, ಪ್ರತಿ ಜುಲೈನಲ್ಲಿ ನಸುಕಿಗೇ ಎದ್ದು ಟೀವಿಯಲ್ಲಿ ವಿಂಬಲ್ಡನ್ ನೋಡುವುದೇ ಹಬ್ಬ. “ಗೆರಿ ಹತ್ರ ಹುಲ್ಲು ಸತ್ತದ ನೋಡು,” ಎಂದು ಶಿವಬಸಪ್ಪ ಮರುಗುತ್ತಿದ್ದರು. ಯಾರು ಗೆದ್ದರೆಂಬುದನ್ನು ಸಂಜೆಗೆ ಮರೆಯುತ್ತಿದ್ದರು. ೨೦೧೭ರ ಫೈನಲ್ ನೋಡಲು ಮಾತ್ರ ಅವರಿರಲಿಲ್ಲ.

*

ಗುಂಡಿಯ ಸುತ್ತ ಹಚ್ಚಗೆ ಹುಲ್ಲು ಹಾಸಿತ್ತು. ಗೌರಾದೇವಿ ಚಪ್ಪಲಿ ಬಿಟ್ಟು ಕಾಲಿಟ್ಟರು, ತಟ್ಟನೆ ನಿಂತರು.

“ಕುಮಾರ, ಇದು ಹುಲ್ಲಲ್ಲೋ. ಪ್ಲಾಸ್ಟಿಕ್ ಚಾಪಿ.”

“ಹೌದವ್ವಾ. ಎಲ್ಲಾ ಕಡೆ ಹಿಂಗ ಹಾಸ್ತಾರ.”

“ಕುಂಡ್ರಸಲಿಕ್ಕಂತೂ ಆಗಲಿಲ್ಲ. ಇದನ್ನರೆ ತಗೀಲಿಕ್ಕೆ ಹೇಳೋ. ಹುಲ್ಲಿನ ಮ್ಯಾಲೆ ಆಡಿದ ಮನಷ್ಯಾ ಅವರು.”

ವಿಜಯಕುಮಾರ ಹೋಗಿ ಕೇಳಿದ. ಮ್ಯಾನೇಜರ್ ತಲೆಯಾಡಿಸಿದ. ಯಾರೂ ಜಾರಿ ಬೀಳಬಾರದೆಂದೇ ಅದನ್ನು ಹಾಸುವುದಂತೆ. ಐಯಾಮ್ ಸೋ ಸಾರಿ ಎಂದ. ವಾಪಸು ಬಂದ ವಿಜಯಕುಮಾರ ತಾಯಿಯ ಮುಖ ನೋಡಲಾರದೆ, ಐವತ್ತರ ಗಂಡಸು, ಬಿಕ್ಕಿಬಿಕ್ಕಿ ಅತ್ತ. “ಅಪ್ಪಗ ಒಂದ ಒಂದು ಕೆಲಸಾನೂ ನನ್ನ ಕೈಲೆ ಆಗಲಿಲ್ಲಲ್ಲೋ ಶಿವನೇ.”

ಗೌರಾದೇವಿ ಅವನ ಬೆನ್ನು ಸವರಿದರು.

ಚಂದ್ರಮೌಳಿ ವಚನ ಹೇಳಿದ. ಕೆಳಗಿನ ಗೋದಾಮುಗಳಿಂದ ಟ್ರಕ್ಕುಗಳು ಹಿಂದೆ ಸರಿಯುವ ಬೀಪ್ ಬೀಪ್ ಸದ್ದು ಅದರ ನಡುವೆಯೇ ಬರುತ್ತಿತ್ತು. ಪಟ್ಟಿಗಳ ಮೇಲೆ ಪೆಟ್ಟಿಗೆ ಇಳಿಯಿತು. ಗೌರಾದೇವಿ ಗುಂಡಿಯ ಎಡತುದಿಗೆ ನಿಂತಿದ್ದರು. ಬಲಗಡೆ ಯಾರನ್ನೂ ನಿಲ್ಲಗೊಟ್ಟಿರಲಿಲ್ಲ. ಕೀರ್ತಿ ಬಂದಾಗಲೂ ಮೊಣಕೈಯಿಂದ ಸರಿಸಿದ್ದರು.

“ಏಳ್ರೀ,” ಎಂದರು, ಒಂದೇ ಸಲ, ಪಕ್ಕದವರಿಗೂ ಕೇಳದಷ್ಟು ಮೆಲ್ಲಗೆ.

ಕೆಳಗೆ ಕಾಂಕ್ರೀಟಿನ ಮುಚ್ಚಳ ಬಿತ್ತು. ಜನ ಕಾರುಗಳತ್ತ ಹೊರಟರು. “ಅಜ್ಜಿ, ಕಮ್, ಲೆಟ್ಸ್ ಗೋ,” ಎಂದು ಕೀರ್ತಿ ಚಪ್ಪಲಿ ತಂದು ಅವರ ಕೈ ಹಿಡಿದಳು.

ಗೌರಾದೇವಿ ಕೈ ಬಿಡಿಸಿಕೊಂಡರು. ಆ ಪ್ಲಾಸ್ಟಿಕ್ಕಿನ ಮೇಲೆ, ಬರಿಗಾಲಲ್ಲಿ, ಎಡದಿಂದ ನಡುವಿಗೆ ಸರಿದು, ಮೊಣಕಾಲು ತುಸು ಬಗ್ಗಿಸಿ ನಿಂತರು.